ಎರಡು ಲ್ಯೂಟ್‌ಗಳ ಯುಗಳ ವಾದನವನ್ನು ಮನೆಯಲ್ಲಿ ಧ್ವನಿಮುದ್ರಿಸುವುದು ಹೇಗೆ?

ಪ್ರಶ್ನೆ (ನೀರ್ಚಾಲಿನಿಂದ)

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಸಮೀಪದವನು. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾಗಿದ್ದೇನೆ. ಏಳು ವರ್ಷಗಳಿಂದ ಲ್ಯೂಟ್ ಎಂಬ ಯುರೋಪಿನ ಹಳೆಯ ತಂತಿವಾದ್ಯವನ್ನು ಅಭ್ಯಾಸ ಮಾಡುತ್ತಿದ್ದೇನೆ. ಇದನ್ನು ಕಂಡಿರದವರಿಗಾಗಿ ಎರಡು ಮಾತು ಹೇಳಿಬಿಡುತ್ತೇನೆ: ಅರಬ್ಬರ ಊದ್ ವಾದ್ಯದಿಂದ ಹುಟ್ಟಿ ಬಂದ ಇದಕ್ಕೆ ಮುಂಭಾಗ ಚಪ್ಪಟೆ, ಬೆನ್ನು ತೆಳುವಾದ ಮರದ ಪಟ್ಟಿಗಳನ್ನು ಅಂಟಿಸಿ ಮಾಡಿದ ಉಬ್ಬು, ಆರು ಸ್ಥಾನಗಳಲ್ಲಿ ಒಟ್ಟು ಹನ್ನೊಂದು ತಂತಿಗಳಿದ್ದು, ಅತ್ಯಂತ ಎತ್ತರದ ಸ್ವರದ್ದು ಒಂಟಿಯಾಗಿಯೂ ಉಳಿದವು ಜೋಡಿಯಾಗಿಯೂ ಇರುತ್ತವೆ. ಉಗುರಿನಿಂದಲ್ಲ, ಬೆರಳ ತುದಿಯ ಮಾಂಸದಿಂದ ಮೀಟುವುದು ಹದಿನಾರನೆಯ ಶತಮಾನದ ರೂಢಿ. ನಾದ ಬಹಳ ಮೆಲು. ಮಳೆಗಾಲದಲ್ಲಿ ನಮ್ಮ ಚಾವಡಿಯಲ್ಲಿ ಕುಳಿತು ನುಡಿಸಿದರೆ ಅಂಗಳದಲ್ಲಿ ನಿಂತವರಿಗೆ ಕೇಳಿಸುವುದಿಲ್ಲ.

ನನ್ನ ತಂಗಿಯ ಮಗಳು ಹನ್ನೆರಡು ವರ್ಷ ವೀಣೆ ಕಲಿತವಳು. ಮೂರು ವರ್ಷಗಳ ಹಿಂದೆ ನನ್ನ ಲ್ಯೂಟನ್ನು ಸುಮ್ಮನೆ ಎತ್ತಿಕೊಂಡು ನುಡಿಸತೊಡಗಿದವಳು ಅದನ್ನು ಮತ್ತೆ ಕೆಳಗಿಡಲಿಲ್ಲ. ಕಳೆದ ವರ್ಷ ಅದೇ ಅಳತೆಯ ಎರಡನೆಯ ವಾದ್ಯವನ್ನೂ ಮಾಡಿಸಿ ತರಿಸಿದೆವು. ಎರಡರ ತಂತಿಯ ಉದ್ದವೂ 60 ಸೆಂಟಿಮೀಟರ್, ಎರಡರ ಶ್ರುತಿಯೂ ಒಂದೇ. ನಾವು ಮುಖ್ಯವಾಗಿ ನುಡಿಸುವುದು ಇಂಗ್ಲಿಷ್ ಯುಗಳಗಳನ್ನು: ಎಲಿಜಬೆತ್ ರಾಣಿಯ ಆಸ್ಥಾನದಲ್ಲಿದ್ದ ಜಾನ್ ಜಾನ್ಸನ್ನನ ಫ್ಲ್ಯಾಟ್ ಪವಾನ್ ಎಂಬ ನಿಧಾನಗತಿಯ ನೃತ್ಯರಚನೆ, ಥಾಮಸ್ ರಾಬಿನ್ಸನ್ 1603ರಲ್ಲಿ ಅಚ್ಚುಹಾಕಿಸಿದ ಪಾಠಪುಸ್ತಕದ ಪ್ಲೇನ್ ಸಾಂಗ್, ಮತ್ತು ಜೇನ್ ಪಿಕರಿಂಗ್ ಎಂಬಾಕೆಯ ಹೆಸರನ್ನೂ 1616 ಎಂಬ ಇಸವಿಯನ್ನೂ ಹೊತ್ತು ಈಗ ಬ್ರಿಟಿಷ್ ಲೈಬ್ರರಿಯಲ್ಲಿರುವ ಹಸ್ತಪ್ರತಿಯೊಳಗಿನ ಲಾ ರೊಸಿನ್ಯೋಲ್. ಈ ಕೊನೆಯದರ ಹೆಸರಿಗೆ ನೈಟಿಂಗೇಲ್ ಹಕ್ಕಿ ಎಂದರ್ಥ. ಒಂದು ಲ್ಯೂಟ್ ಒಂದು ತುಣುಕನ್ನು ನುಡಿಸಿದರೆ ಇನ್ನೊಂದು ಅದನ್ನೇ ಹಿಂದಿರುಗಿಸುತ್ತದೆ, ತೋಟದ ಎರಡು ಕಡೆ ಕುಳಿತ ಎರಡು ಹಕ್ಕಿಗಳಂತೆ.

ಈಗ ತೊಂದರೆಯನ್ನು ಹೇಳುತ್ತೇನೆ. ಕಳೆದ ಡಿಸೆಂಬರಿನಲ್ಲಿ ನಗರದ ಒಂದು ಸ್ಟುಡಿಯೋಕ್ಕೆ ಹೋಗಿ ಈ ಮೂರನ್ನೂ ಮುದ್ರಿಸಿಕೊಂಡೆವು. ಅಲ್ಲಿ ಮೊದಲು ನನ್ನನ್ನು ಗಾಜಿನ ಕೋಣೆಯೊಳಗೆ ಕೂರಿಸಿ, ಕಿವಿಗೆ ಟಕ್ ಟಕ್ ಎಂಬ ಲಯದ ಸದ್ದು ಕೊಟ್ಟು ನನ್ನ ಭಾಗವನ್ನು ಮುಗಿಸಿದರು. ಅನಂತರ ಅದರ ಮೇಲೆ ಅವಳ ಭಾಗವನ್ನು ಸೇರಿಸಿದರು. ಕೊನೆಗೆ ಎರಡನ್ನೂ ನಟ್ಟನಡುವೆ ಇರಿಸಿ, ಮೇಲಿನಿಂದ ದೊಡ್ಡ ಇಗರ್ಜಿಯ ಅನುರಣನವನ್ನು ಸುರಿದರು. ಸ್ವರಗಳೆಲ್ಲ ಸರಿಯಾಗಿಯೇ ಇದ್ದವು. ಆದರೆ ರೊಸಿನ್ಯೋಲ್‌ನಲ್ಲಿ ಉತ್ತರ ಬರಬೇಕಾದ ಜಾಗಗಳಲ್ಲೆಲ್ಲ ಒಬ್ಬನೇ ಮನುಷ್ಯ ಅದೇ ತುಣುಕನ್ನು ಎರಡೆರಡು ಸಲ ನುಡಿಸಿದಂತೆ ಕೇಳಿಸಿತು. ಮನೆಗೆ ಬಂದು ಕೇಳಿದ ಮಗಳು, “ಮಾವ, ಇದರಲ್ಲಿ ನಾನು ಎಲ್ಲಿದ್ದೇನೆ?” ಎಂದು ಕೇಳಿದಳು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಆದ್ದರಿಂದ ಇನ್ನು ಮನೆಯಲ್ಲಿಯೇ ಮುದ್ರಿಸಬೇಕೆಂದು ನಿಶ್ಚಯಿಸಿದ್ದೇವೆ. ಸಣ್ಣ ಪೊರೆಯ ಕಂಡೆನ್ಸರ್ ಮೈಕ್‌ಗಳು ಎರಡಿವೆ, ಎರಡು ಮೈಕ್ ಜೋಡಿಸಬಹುದಾದ ಇಂಟರ್‌ಫೇಸ್ ಒಂದಿದೆ, ಲ್ಯಾಪ್‌ಟಾಪ್ ಇದೆ. ಮನೆ ಹಳೆಯದು: ಮುರಕಲ್ಲಿನ ಗೋಡೆ, ಹಂಚಿನ ಮಾಡು, ಒಳಗೆ ಕೆಲವು ಕೋಣೆಗಳಿಗೆ ಮರದ ಮುಚ್ಚಿಗೆ. ಇಬ್ಬರೂ ಒಟ್ಟಿಗೆ ನುಡಿಸಬೇಕೆ, ಬೇರೆ ಬೇರೆಯಾಗಿ ಮುದ್ರಿಸಿ ಜೋಡಿಸಬೇಕೆ? ಯಾವ ಕೋಣೆ, ಮೈಕ್ ಎಲ್ಲಿ? ನಮ್ಮ ಊರಿನ ತೇವದಲ್ಲಿ ಎರಡು ವಾದ್ಯಗಳ ಶ್ರುತಿ ಒಂದು ಗಂಟೆಯಾದರೂ ಒಂದಾಗಿ ನಿಲ್ಲುವಂತೆ ಮಾಡುವುದು ಹೇಗೆ? ಮಗಳು ಓದಿಗಾಗಿ ಊರು ಬಿಟ್ಟರೆ ನನ್ನ ತಮ್ಮನ ಗಿಟಾರನ್ನು ಎರಡನೆಯ ವಾದ್ಯವಾಗಿ ಬಳಸಬಹುದೆ? ತಿಳಿದವರು ಹೇಳಿದರೆ ಉಪಕಾರವಾದೀತು.

ಉತ್ತರ (ಕುಂಬಳೆಯಿಂದ)

ಮಾಸ್ತರರಿಗೆ ನಮಸ್ಕಾರ. ನಾನು ಹದಿನೈದು ವರ್ಷಗಳಿಂದ ನಮ್ಮ ಸೀಮೆಯ ತಾಳಮದ್ದಳೆ, ವೀಣೆ ಮತ್ತು ಕೊಳಲಿನ ಕಚೇರಿಗಳನ್ನು ಮುದ್ರಿಸುತ್ತಿದ್ದೇನೆ. ಲ್ಯೂಟನ್ನು ಕೇಳುವುದು ನನ್ನ ಖಾಸಗಿ ಹುಚ್ಚು. ನಿಮ್ಮ ಮಗಳು ಕೇಳಿದ ಪ್ರಶ್ನೆಯೇ ಸರಿಯಾದ ಪ್ರಶ್ನೆ, ಮತ್ತು ಮೈಕ್‌ಗಿಂತ ಮೊದಲು ಅದಕ್ಕೆ ಉತ್ತರ ಹುಡುಕಬೇಕು. ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಎದುರುಬದುರು ಕುಳಿತಿರುತ್ತಾರಲ್ಲ, ಅವರಿಬ್ಬರ ಧ್ವನಿಯನ್ನು ಒಂದೇ ಬಿಂದುವಿಗೆ ತಂದು ಕೂರಿಸಿದ ಮುದ್ರಿಕೆಯನ್ನು ಕೇಳಿ ನೋಡಿ: ಮಾತುಗಳೆಲ್ಲ ತಿಳಿಯುತ್ತವೆ, ವಾದ ಮಾತ್ರ ಸತ್ತಿರುತ್ತದೆ. ನಿಮ್ಮ ರೊಸಿನ್ಯೋಲ್‌ಗೆ ಆಗಿರುವುದೂ ಅದೇ.

ಲ್ಯೂಟ್ ಯುಗಳಗಳಲ್ಲಿ ಎರಡು ಜಾತಿಗಳಿವೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಮುದ್ರಣದ ಏರ್ಪಾಡು ಆ ಭೇದದಿಂದಲೇ ಹೊರಡಬೇಕೆಂಬುದನ್ನು ಸ್ಟುಡಿಯೋದವರು ಗಮನಿಸುವುದಿಲ್ಲವಾದ್ದರಿಂದ ಇಲ್ಲಿ ಬಿಡಿಸಿ ಹೇಳುತ್ತೇನೆ. ಒಂದು ಜಾತಿಯಲ್ಲಿ ಒಬ್ಬರು ಗ್ರೌಂಡ್ ಎಂಬ ಚಿಕ್ಕ ಸ್ವರಮೇಳದ ಆವರ್ತವನ್ನು ಮತ್ತೆ ಮತ್ತೆ ನುಡಿಸುತ್ತಾರೆ. ಇನ್ನೊಬ್ಬರು ಅದರ ಮೇಲೆ ಟ್ರೆಬಲ್ ಎಂಬ ಒಂಟಿ ಎಳೆಯ ಓಟವನ್ನು ಬೆಳೆಸುತ್ತ ಹೋಗುತ್ತಾರೆ. ಇದು ಇಂಗ್ಲಿಷರ ಹೊಸ ಕಲ್ಪನೆಯಲ್ಲ. ಲ್ಯೂಟಿಗಾಗಿ ಅಚ್ಚಾದ ಮೊದಲ ಪುಸ್ತಕಗಳನ್ನು ವೆನಿಸಿನಲ್ಲಿ ಪೆತ್ರೂಚಿ 1507ರಲ್ಲಿ ಹೊರತಂದಾಗಲೇ, ಅವುಗಳ ಕರ್ತೃ ಸ್ಪಿನಾಚಿನೊ ಕೆಲವು ಯುಗಳಗಳಲ್ಲಿ ಒಬ್ಬನ ಕೈಗೆ ಹಾಡಿನ ಕೆಳಗಿನ ಎರಡು ಎಳೆಗಳನ್ನು ಕೊಟ್ಟು ಇನ್ನೊಬ್ಬನನ್ನು ಮೇಲೆ ಓಡಲು ಬಿಟ್ಟಿದ್ದಾನೆ. ಇನ್ನೊಂದು ಜಾತಿ ಸಮಾನರ ಯುಗಳ. ಅಲ್ಲಿ ಹಿರಿಕಿರಿದಿಲ್ಲ, ಈಗ ನನ್ನ ಸರದಿ, ಈಗ ನಿನ್ನದು ಎಂದು ತುಣುಕುಗಳು ಕೈಬದಲಾಗುತ್ತವೆ. ರೊಸಿನ್ಯೋಲ್ ಈ ಜಾತಿಯದು.

ಸಮಾನರ ಯುಗಳದಲ್ಲಿ ಎಡ ಮತ್ತು ಬಲ ಎಂಬುದು ಅಲಂಕಾರವಲ್ಲ, ಕೃತಿಯ ಅರ್ಥವೇ ಅದರಲ್ಲಿದೆ. ಎರಡು ಲ್ಯೂಟ್‌ಗಳ ನಾದ ಒಂದೇ, ಎತ್ತರ ಒಂದೇ, ತುಣುಕೂ ಒಂದೇ. ಸ್ಥಳವೊಂದನ್ನು ಬಿಟ್ಟರೆ ಯಾರು ನುಡಿಸಿದರು ಎಂದು ಕಿವಿಗೆ ತಿಳಿಸುವ ಗುರುತು ಬೇರೆ ಯಾವುದಿದೆ? ಆದ್ದರಿಂದ ಇಬ್ಬರೂ ಒಂದೇ ಕೋಣೆಯಲ್ಲಿ, ತೆರೆದಿಟ್ಟ ಪುಸ್ತಕದ ಎರಡು ಹಾಳೆಗಳಂತೆ ಪರಸ್ಪರ ಸ್ವಲ್ಪ ತಿರುಗಿ ಕುಳಿತುಕೊಳ್ಳಿ. ಒಬ್ಬರ ಬಲಗೈ ಇನ್ನೊಬ್ಬರ ಕಣ್ಣಿಗೆ ಬೀಳುವಂತಿರಲಿ. ಎರಡು ಮೈಕ್‌ಗಳನ್ನು ಒಂದೇ ಕಂಬದ ಮೇಲೆ, ತುದಿಗಳ ನಡುವೆ 17 ಸೆಂಟಿಮೀಟರ್ ಅಂತರ ಮತ್ತು 110 ಡಿಗ್ರಿ ಕೋನ ಬರುವಂತೆ ಹೊರಮುಖವಾಗಿ ನಿಲ್ಲಿಸಿ. ಫ್ರೆಂಚ್ ರೇಡಿಯೋದವರು ರೂಪಿಸಿದ ಓಆರ್‌ಟಿಎಫ್ ಎಂಬ ಈ ಕ್ರಮ ಎರಡು ಮೆಲುವಾದ್ಯಗಳಿಗೆ ಹೇಳಿ ಮಾಡಿಸಿದಂತಿದೆ. ವಾದ್ಯಗಳಿಂದ ಒಂದೂಕಾಲು, ಒಂದೂವರೆ ಮೀಟರ್ ದೂರ ಸಾಕು. ಎತ್ತರ ವಾದ್ಯದ ಗುಲಾಬಿಗಿಂತ, ಅಂದರೆ ಮುಂಭಾಗದ ಆ ಕೆತ್ತನೆಯ ತೂತಿಗಿಂತ, ಒಂದು ಮೊಳ ಮೇಲಿರಲಿ.

ಇಲ್ಲಿ ಹಲವರು ಎಡವುವ ಒಂದು ಜಾಗವಿದೆ. ಇಬ್ಬರೂ ಬಲಗೈಯಿಂದ ಮೀಟುವವರಾದರೆ, ಮೈಕಿನ ಕಡೆಯಿಂದ ನೋಡುವಾಗ ಎಡಬದಿಯವರ ವಾದ್ಯದ ಕುತ್ತಿಗೆ ನಡುವಿಗೆ ಚಾಚಿರುತ್ತದೆ, ಬಲಬದಿಯವರದು ಹೊರಗೆ ಚಾಚಿರುತ್ತದೆ. ಕುರ್ಚಿಗಳನ್ನು ಸಮದೂರದಲ್ಲಿ ಇಟ್ಟ ಮಾತ್ರಕ್ಕೆ ನಾದ ಸಮದೂರದಲ್ಲಿ ಇರುವುದಿಲ್ಲ. ಒಂದು ದಾರವನ್ನು ಮೈಕ್ ಕಂಬಕ್ಕೆ ಕಟ್ಟಿ, ಅದರ ಇನ್ನೊಂದು ತುದಿ ಎರಡು ವಾದ್ಯಗಳ ಗುಲಾಬಿಗೂ ಸರಿಯಾಗಿ ಮುಟ್ಟುವವರೆಗೆ ಕುರ್ಚಿಗಳನ್ನು ಸರಿಸಿ. ನಮ್ಮ ಸೆಕೆಯಲ್ಲಿ ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 35 ಸೆಂಟಿಮೀಟರ್ ಸಾಗುತ್ತದೆ. ಒಂದು ಗೇಣಿನ ವ್ಯತ್ಯಾಸದಿಂದ ಆಗುವ ತಡ ಕಿವಿಗೆ ತಿಳಿಯದಷ್ಟು ಚಿಕ್ಕದು, ಆದರೆ ಹತ್ತಿರವಿರುವವರ ನಾದ ತುಸು ಜೋರಾಗಿ, ಅವರು ಸದಾ ಮುಂದೆ ಕುಳಿತಂತೆ ಕೇಳಿಸಬಲ್ಲದು.

ಗ್ರೌಂಡ್ ಮತ್ತು ಟ್ರೆಬಲ್ ಜಾತಿಗೆ ಮೈಕನ್ನು ಮುಟ್ಟಬೇಡಿ. ಗ್ರೌಂಡ್ ನುಡಿಸುವವರ ಕುರ್ಚಿಯನ್ನು ಮಾತ್ರ ಒಂದು ಗೇಣು ಹಿಂದಕ್ಕೆ ಸರಿಸಿ. ಪಾತ್ರಗಳು ಬದಲಾದರೆ ಕುರ್ಚಿಗಳು ಬದಲಾಗಲಿ. ಈ ಜಾತಿಯನ್ನೂ ಒಟ್ಟಿಗೆ ನುಡಿಸಬೇಕೆಂಬುದೇ ನನ್ನ ಖಚಿತ ಅಭಿಪ್ರಾಯ. ಓಟದ ನಡುವೆ ಟ್ರೆಬಲ್‌ನವರು ಒಂದು ತಿರುವಿನಲ್ಲಿ ಕೂದಲೆಳೆಯಷ್ಟು ತಡೆದರೆ, ಗ್ರೌಂಡಿನವರ ಕೈ ಅದಕ್ಕಾಗಿ ಕಾಯುತ್ತದೆ. ಯಂತ್ರದ ಟಕ್ ಟಕ್ ಕಾಯುವುದಿಲ್ಲ.

ಕೋಣೆಯ ವಿಷಯ. ಹಂಚಿನ ಮಾಡು ನೇರವಾಗಿ ಮೇಲಿರುವ ಕೋಣೆಯನ್ನು ಬಿಡಿ. ಮುಚ್ಚಿಗೆಯಿರುವ ಕೋಣೆಯನ್ನು ಆರಿಸಿ. ನಿಮ್ಮಲ್ಲಿ ಅಡಿಕೆ ದಾಸ್ತಾನಿನ ಕೋಣೆ ಇದ್ದೀತು. ಚಾಲಿ ಅಡಿಕೆ ತುಂಬಿದ ಗೋಣಿಗಳು ಧ್ವನಿಯನ್ನು ತಕ್ಕಮಟ್ಟಿಗೆ ಹೀರುತ್ತವೆ. ಉರುಟು ಅಡಿಕೆಗಳ ನಡುವಿನ ಸಂದು, ಒರಟು ಸೆಣಬು, ಗೋಣಿಯ ಉಬ್ಬುತಗ್ಗು, ಮೂರೂ ನಮಗೆ ಬೇಕಾದವೇ. ಎದುರುಬದುರಿನ ಎರಡು ಗೋಡೆಗಳಲ್ಲಿ ಒಂದಕ್ಕೆ ಎದೆಯೆತ್ತರದವರೆಗೆ ಗೋಣಿಗಳನ್ನು ಒಟ್ಟಿ, ಇನ್ನೊಂದನ್ನು ಹಾಗೆಯೇ ಬಿಡಿ. ಎಲ್ಲ ಗೋಡೆಗಳನ್ನೂ ಮುಚ್ಚಿದರೆ ಲ್ಯೂಟ್ ಒಣಗಿ ಹೋಗುತ್ತದೆ. ಕೋಣೆಯ ನಡುವೆ ನಿಂತು ಚಪ್ಪಾಳೆ ತಟ್ಟಿ. ತಗಡು ಬಡಿದಂತೆ ಮರುದನಿ ಬಂದರೆ ಇನ್ನೆರಡು ಗೋಣಿ ಸೇರಿಸಿ.

ಕಾಲ ಜನವರಿಯೇ ಆಗಲಿ, ರಾತ್ರಿ ಒಂದರಿಂದ ನಾಲ್ಕರ ನಡುವೆ. ಆಸುಪಾಸಿನ ಕೋಲ, ಜಾತ್ರೆಗಳ ದಿನಗಳನ್ನು ಮೊದಲೇ ಕೇಳಿಕೊಂಡಿರಿ, ಏಕೆಂದರೆ ಆ ತಿಂಗಳುಗಳಲ್ಲಿ ರಾತ್ರಿಯೇ ನಮ್ಮೂರಿನ ಹಗಲು. ಫ್ಯಾನು ಮತ್ತು ಫ್ರಿಜ್ಜು ನಿಲ್ಲಲಿ. ಲ್ಯಾಪ್‌ಟಾಪ್ ಬಾಗಿಲಿನ ಆಚೆ ಬ್ಯಾಟರಿಯ ಮೇಲೆ ನಡೆಯಲಿ. ನಿಮ್ಮ ವಾದ್ಯದ ಅತಿ ಕೆಳಗಿನ ಬಿಡಿ ತಂತಿ, ಎ ಸ್ವರವನ್ನು 440 ಹರ್ಟ್ಸ್‌ಗೆ ಇಟ್ಟ ಇಂದಿನ ಶ್ರುತಿಯಲ್ಲಿ, ಸುಮಾರು 98 ಹರ್ಟ್ಸ್‌ನದು. ಆದ್ದರಿಂದ 70 ಹರ್ಟ್ಸ್‌ಗಿಂತ ಕೆಳಗಿನದನ್ನೆಲ್ಲ ಆಮೇಲೆ ಕತ್ತರಿಸಿದರೂ ಸಂಗೀತಕ್ಕೆ ಊನವಿಲ್ಲ, ಹೆದ್ದಾರಿಯ ಲಾರಿಗಳ ಗುಡುಗು ಮಾತ್ರ ಹೋಗುತ್ತದೆ. 24 ಬಿಟ್‌ನಲ್ಲಿ ಮುದ್ರಿಸಿ, ಅತಿ ಜೋರಿನ ಮೀಟೂ ಮೈನಸ್ 12 ಡೆಸಿಬಲ್ ದಾಟದಂತೆ ಮಟ್ಟ ಇಟ್ಟುಕೊಳ್ಳಿ. ಪ್ರತಿ ಕೃತಿಯ ಬಳಿಕ ಇಬ್ಬರೂ ಕದಲದೆ ಅರ್ಧ ನಿಮಿಷ ಕೋಣೆಯ ಮೌನವನ್ನೂ ಮುದ್ರಿಸಿಕೊಳ್ಳಿ; ತುಣುಕುಗಳನ್ನು ಬೆಸೆಯುವಾಗ ಆ ಮೌನ ಬೇಕಾಗುತ್ತದೆ.

ಉತ್ತರ (ಮಿರಜಿನಿಂದ)

ನಮಸ್ಕಾರ ಗುರುಗಳೇ. ಸಾಂಗಲಿ ಜಿಲ್ಲೆಯ ಮಿರಜಿನಲ್ಲಿರುವ ಕನ್ನಡಿಗ ನಾನು. ಮನೆಯ ಸುತ್ತೆಲ್ಲ ಸಿತಾರ್ ಮತ್ತು ತಂಬೂರಿ ಮಾಡುವವರ ಅಂಗಡಿಗಳು. ನಮ್ಮ ಊರಿನ ಈ ಎರಡು ವಾದ್ಯಗಳಿಗೆ 2024ರಲ್ಲಿ ಭೌಗೋಳಿಕ ಗುರುತು ದೊರೆತದ್ದನ್ನು ನೀವು ಓದಿರಬಹುದು. ಮೈಕಿನ ವಿಷಯದಲ್ಲಿ ಕುಂಬಳೆಯವರು ಹೇಳಿದ್ದಕ್ಕೆ ನಾನು ಸೇರಿಸುವುದೇನೂ ಇಲ್ಲ. ಶ್ರುತಿಯ ವಿಷಯದಲ್ಲಿ ಹೇಳಬೇಕಾದ್ದಿದೆ.

ವೀಣೆಯ ಮೆಟ್ಟಿಲುಗಳನ್ನು, ಅಂದರೆ ಸ್ವರಸ್ಥಾನಗಳನ್ನು ಗುರುತಿಸುವ ಅಡ್ಡಪಟ್ಟಿಗಳನ್ನು, ಮೇಣದಲ್ಲಿ ಕೂರಿಸಿರುತ್ತಾರೆ, ಒಮ್ಮೆ ಕೂತರೆ ಕೂತಂತೆಯೇ. ಲ್ಯೂಟಿನ ಮೆಟ್ಟಿಲುಗಳಾದರೋ ಕುತ್ತಿಗೆಯ ಸುತ್ತ ಬಿಗಿದ ಬರಿಯ ದಾರ. ನಮ್ಮ ಸಿತಾರಿನ ಪರದೆಗಳನ್ನು ದಾರದಿಂದ ಕಟ್ಟಿ ಬೇಕಾದಂತೆ ಸರಿಸುವ ಹಾಗೆಯೇ ಇವನ್ನೂ ಸರಿಸಬಹುದು. ಒಬ್ಬನೇ ನುಡಿಸುವಾಗ ಇದು ಸೌಕರ್ಯ. ಇಬ್ಬರು ನುಡಿಸುವಾಗ ಅಪಾಯದ ಮೂಲವೂ ಇದೇ. ಬಿಡಿ ತಂತಿಗಳನ್ನು ಎಷ್ಟೇ ಚೆನ್ನಾಗಿ ಸೇರಿಸಿದ್ದರೂ, ನಿಮ್ಮ ಮೂರನೆಯ ಮೆಟ್ಟಿಲು ಮತ್ತು ಮಗಳ ಮೂರನೆಯ ಮೆಟ್ಟಿಲು ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆಯಾದರೆ, ಇಬ್ಬರೂ ಒಂದೇ ಸ್ವರಕ್ಕೆ ಬಂದಾಗ ನಾದ ಅಲುಗಾಡುತ್ತದೆ. ಮೈಕು ಅದನ್ನು ಮುಚ್ಚುವುದಿಲ್ಲ, ದೊಡ್ಡದು ಮಾಡಿ ತೋರಿಸುತ್ತದೆ.

ಗಣಿತದವರಾದ ನಿಮಗೆ ಇಷ್ಟವಾಗುವ ಒಂದು ಲೆಕ್ಕವಿದೆ. ಖಗೋಳಶಾಸ್ತ್ರಜ್ಞ ಗೆಲಿಲಿಯೊನ ತಂದೆ ವಿಂಚೆನ್ಸೊ ಗೆಲಿಲಿ ಸ್ವತಃ ಲ್ಯೂಟ್ ವಾದಕ. ಅವನು 1581ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮೆಟ್ಟಿಲು ಕಟ್ಟುವುದಕ್ಕೆ 18ಕ್ಕೆ 17ರ ಅನುಪಾತವನ್ನು ಹೇಳಿದ್ದಾನೆ: ತಂತಿಯ ಉದ್ದವನ್ನು ಹದಿನೆಂಟು ಪಾಲು ಮಾಡಿ, ಒಂದು ಪಾಲು ಕಳೆದಲ್ಲಿ ಮೊದಲ ಮೆಟ್ಟಿಲು, ಉಳಿದದ್ದನ್ನು ಮತ್ತೆ ಹದಿನೆಂಟು ಪಾಲು ಮಾಡಿ, ಒಂದು ಕಳೆದಲ್ಲಿ ಎರಡನೆಯದು. ನಿಮ್ಮ 60 ಸೆಂಟಿಮೀಟರಿಗೆ ಮೊದಲನೆಯದು 3.33ರಲ್ಲಿ, ಅದರಿಂದ ಮುಂದೆ 3.15ರಲ್ಲಿ ಎರಡನೆಯದು. ಸೆಂಟ್ ಎಂದರೆ ಸ್ಥಾಯಿಯ 1200ರಲ್ಲಿ ಒಂದು ಪಾಲು. ಹೀಗೆ ಬರುವ ಅರ್ಧಸ್ವರ 99 ಸೆಂಟ್‌ನಷ್ಟು, ಅಂದರೆ ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡುವ ಇಂದಿನ ಕ್ರಮದ 100ಕ್ಕೆ ಕೂದಲೆಳೆ ಕಡಿಮೆ. ಹನ್ನೆರಡು ಸಲ ಹಾಗೆ ಹೋದರೆ ಸ್ಥಾಯಿ ಪೂರ್ತಿ ತುಂಬುವುದಿಲ್ಲ ನಿಜ. ಆದರೆ ಕುತ್ತಿಗೆಯ ಮೇಲೆ ಕಟ್ಟುವ ಎಂಟು ಮೆಟ್ಟಿಲುಗಳವರೆಗೆ ತೊಂದರೆ ಕಾಣುವುದಿಲ್ಲ.

ಆ ಕಾಲದಲ್ಲಿ ಮಧ್ಯಮಸ್ವರ (ಮೀನ್‌ಟೋನ್) ಪದ್ಧತಿಯೂ ಇತ್ತು. ಗಾಂಧಾರವನ್ನು ಹೆಚ್ಚು ಶುದ್ಧವಾಗಿ ಇಡುವ ಕ್ರಮ ಅದು. ಸಮಪಾಲಿನಲ್ಲಿ ಅಂತರ ಗಾಂಧಾರ 400 ಸೆಂಟ್, ಶುದ್ಧವಾದದ್ದು 386. ಲ್ಯೂಟಿನ ಮೂರನೆಯ ಮತ್ತು ನಾಲ್ಕನೆಯ ತಂತಿಗಳ ನಡುವೆ ಇರುವುದು ಇದೇ ಅಂತರ. ಕಿವಿಗೆ ಅದು ಬಹಳ ಹಿತ. ಆದರೆ ಆ ಪದ್ಧತಿಯಲ್ಲಿ ಅರ್ಧಸ್ವರಗಳು ಎರಡು ಅಳತೆಯವಾಗುವುದರಿಂದ ಮೊದಲ ಮೆಟ್ಟಿಲು ಒಂದು ತಂತಿಗೆ ಸರಿಹೋದರೆ ಇನ್ನೊಂದಕ್ಕೆ ತಪ್ಪುತ್ತದೆ. ಯಾವುದನ್ನು ಆರಿಸಿದರೂ ಸರಿ, ಎರಡು ವಾದ್ಯಗಳಿಗೂ ಒಂದೇ ಇರಲಿ. ಒಂದು ವಾದ್ಯದ ಮೆಟ್ಟಿಲುಗಳನ್ನು ಕಿವಿಯಿಂದ ಹದಗೊಳಿಸಿದ ಮೇಲೆ, ಉದ್ದನೆಯ ಕಾಗದದ ಪಟ್ಟಿಯನ್ನು ಕುತ್ತಿಗೆಯ ಮೇಲಿಟ್ಟು ಗುರುತು ಹಾಕಿ, ಅದೇ ಪಟ್ಟಿಯನ್ನು ಇನ್ನೊಂದರ ಮೇಲಿಟ್ಟು ಹೊಂದಿಸಿ. ಮುದ್ರಣದ ರಾತ್ರಿ ಪ್ರತಿ ಕೃತಿಗೆ ಮುಂಚೆಯೂ ಪಟ್ಟಿಯನ್ನು ಒಮ್ಮೆ ಇಟ್ಟು ನೋಡಬೇಕು.

ಕರುಳಿನ ತಂತಿ ನಿಮ್ಮ ಕರಾವಳಿಗೆ ಬೇಡ. ಅದರ ನಾದ ಚೆಂದ, ಆದರೆ ಅದು ಗಾಳಿಯ ತೇವವನ್ನು ಕುಡಿಯುತ್ತದೆ. ಮೆಟ್ಟಿಲಿಗೆ ಕಟ್ಟಿದ ಕರುಳೂ ಹಾಗೆಯೇ. ಇಟಲಿಯಲ್ಲಿ ಕರುಳಿನ ಸಾಂದ್ರತೆಗೇ ಹೊಂದುವಂತೆ ತಯಾರಿಸುವ ನೈಲ್‌ಗಟ್ ತಂತಿಗಳು ತೇವಕ್ಕೆ ಜಗ್ಗುವುದಿಲ್ಲ. ಹೊಸದರಲ್ಲಿ ಮಾತ್ರ ಬಹಳ ಎಳೆಯುತ್ತವೆ, ಆದ್ದರಿಂದ ಮುದ್ರಣಕ್ಕೆ ಎರಡು ವಾರ ಮೊದಲೇ ಹಾಕಿಕೊಳ್ಳಿ. ಎರಡು ವಾದ್ಯಗಳಿಗೂ ಒಂದೇ ಬಗೆಯ, ಒಂದೇ ದಪ್ಪದ ತಂತಿಗಳನ್ನು ಒಂದೇ ದಿನ ಹಾಕಿ. ಮೆಟ್ಟಿಲಿಗಂತೂ ನಿಮ್ಮ ಕಡಲಕರೆಯ ಅಂಗಡಿಗಳಲ್ಲಿ ಸಿಗುವ ಮೀನು ಹಿಡಿಯುವ ತಂಗೂಸು ಸಾಕು. ಬಿರಡೆ ಜಾರುತ್ತಿದ್ದರೆ ಸೀಮೆಸುಣ್ಣ ತೀಡಿ. ನಮ್ಮ ಕುಶಲಕರ್ಮಿಗಳು ಮಾಡುವುದೂ ಅಷ್ಟೇ.

ಉತ್ತರ (ತಾಳವಾಡಿಯಿಂದ)

ಗಿಟಾರಿನ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಬಳಸಬಹುದು. ಮೂರನೆಯ ತಂತಿಯನ್ನು ಅರ್ಧಸ್ವರ ಇಳಿಸಿ, ಮೂರನೆಯ ಮೆಟ್ಟಿಲಿಗೆ ಕೇಪೋ, ಅಂದರೆ ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಹಿಡಿಯುವ ಚಿಮಟ, ಹಾಕಿದರೆ ಗಿಟಾರಿನ ಬಿಡಿ ತಂತಿಗಳು ನಿಮ್ಮ ಲ್ಯೂಟಿನದೇ ಶ್ರುತಿಗೆ ಬರುತ್ತವೆ. ಯಾವ ತಂತಿಯನ್ನು ಎಲ್ಲಿ ಒತ್ತಬೇಕೆಂದು ತೋರಿಸುವ ಹಳೆಯ ಟ್ಯಾಬ್ಲೇಚರ್ ಬರಹವನ್ನು ಹಾಗೆಯೇ ಓದಿ ನುಡಿಸಬಹುದು. 65 ಸೆಂಟಿಮೀಟರಿನ ಗಿಟಾರಿನಲ್ಲಿ ಆಗ ಉಳಿಯುವ ತಂತಿಯ ಉದ್ದ ಸುಮಾರು 54.7 ಸೆಂಟಿಮೀಟರ್. ಆದರೆ ಒಂಟಿ ತಂತಿಯ ನಾದ ಜೋಡಿ ತಂತಿಗಿಂತ ದುಂಡಗೆ, ಜೋರಾಗಿ ಇರುತ್ತದೆ. ರೊಸಿನ್ಯೋಲ್‌ನಂತಹ ಸಮಾನರ ಯುಗಳಕ್ಕೆ ಈ ಜೋಡಿ ಒಗ್ಗದು. ಗ್ರೌಂಡ್ ನುಡಿಸುವುದಕ್ಕೆ ಒಗ್ಗುತ್ತದೆ. ತಮ್ಮನವರು ಉಗುರು ಕತ್ತರಿಸಿಕೊಂಡು, ತೂತಿನ ಮೇಲ್ಭಾಗದಲ್ಲಿ, ಕುತ್ತಿಗೆಯ ಕಡೆಗೆ ಮೀಟಲಿ.

ಕುಂಬಳೆಯವರ ಒಂದು ಮಾತಿಗೆ ಮಾತ್ರ ನನ್ನ ಭಿನ್ನಾಭಿಪ್ರಾಯವಿದೆ. ಈರೋಡು ಜಿಲ್ಲೆಯ ಈ ಬೆಟ್ಟದೂರಿನಲ್ಲಿ ನನಗೆ ಜೊತೆಗಾರರಿಲ್ಲ. ಎರಡೂ ಭಾಗಗಳನ್ನು ನಾನೇ ನುಡಿಸಿ ಜೋಡಿಸದೆ ಬೇರೆ ದಾರಿಯಿಲ್ಲ. ಟಕ್ ಟಕ್ ಸದ್ದನ್ನು ಬಿಟ್ಟು, ಟ್ರೆಬಲನ್ನು ಬಾಯಿಪಾಠ ಮಾಡಿಕೊಂಡು ಮನಸ್ಸಿನಲ್ಲಿಯೇ ಹಾಡಿಕೊಳ್ಳುತ್ತ ಗ್ರೌಂಡನ್ನು ಮೊದಲು ಮುದ್ರಿಸುತ್ತೇನೆ. ಆಗ ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಕೈಗೆ ಮೊದಲೇ ಗೊತ್ತಿರುತ್ತದೆ. ಎರಡನೆಯ ಸಲ ಕುರ್ಚಿಯನ್ನು ಇನ್ನೊಂದು ಬದಿಗೆ ಇಟ್ಟು, ಮೈಕನ್ನು ಕದಲಿಸದೆ ಮುದ್ರಿಸುತ್ತೇನೆ. ಇಬ್ಬರಿರುವವರು ಇಬ್ಬರಾಗಿಯೇ ನುಡಿಸಲಿ. ಒಬ್ಬರೇ ಇರುವವರು ಕೈಚೆಲ್ಲಬೇಕಾಗಿಲ್ಲ ಎಂದು ತಿಳಿಸುವುದಕ್ಕೆ ಇದನ್ನು ಬರೆದೆ.

ಮರಳಿ ನೀರ್ಚಾಲಿನಿಂದ

ಮೂವರಿಗೂ ನನ್ನ ಕೃತಜ್ಞತೆ. ತಡವಾಗಿ ಬರೆಯುತ್ತಿದ್ದೇನೆ; ಮುದ್ರಿಸಿ ಮುಗಿಸಿದ ಮೇಲೆಯೇ ಬರೆಯೋಣವೆಂದು ಕಾದಿದ್ದೆ. ಜನವರಿಯ ಎರಡನೆಯ ವಾರ ಮೂರು ರಾತ್ರಿ ಕುಳಿತೆವು. ಅಡಿಕೆಯ ಕೋಣೆಯಲ್ಲಿ ಮೂವತ್ತೆರಡು ಗೋಣಿಗಳಿದ್ದವು. ತೆಂಕಣ ಗೋಡೆಗೆ ಒಟ್ಟಿದೆವು, ಬಡಗಣದ್ದನ್ನು ಬರಿದಾಗಿ ಬಿಟ್ಟೆವು. ಚಪ್ಪಾಳೆಯ ಮರುದನಿ ಮೊದಲು ತಗಡಿನಂತೆಯೇ ಬಂದಿತ್ತು. ಬಾಗಿಲಿನ ಮೂಲೆಗೆ ಇನ್ನೂ ಮೂರು ಗೋಣಿಗಳನ್ನು ನಿಲ್ಲಿಸಿದ ಮೇಲೆ ಅದು ಇಳಿಯಿತು.

ದಾರದ ಅಳತೆ ನಮಗೆ ಬೆರಗು ಹುಟ್ಟಿಸಿತು. ಕಣ್ಣಿಗೆ ಸಮವಾಗಿ ಕಂಡ ಕುರ್ಚಿಗಳಿಂದ ಎರಡು ಗುಲಾಬಿಗಳಿಗೆ ಇದ್ದ ವ್ಯತ್ಯಾಸ 22 ಸೆಂಟಿಮೀಟರ್. ಕುರ್ಚಿ ಸರಿಸಿದ ಕೂಡಲೇ ರೊಸಿನ್ಯೋಲ್‌ನಲ್ಲಿ ನಾನೇ ಸದಾ ಮುಂದಿರುತ್ತೇನೆ ಎಂಬ ಮಗಳ ಹಳೆಯ ದೂರು ಅರ್ಧಕ್ಕರ್ಧ ಇಳಿಯಿತು. ಉಳಿದರ್ಧ ನನ್ನದೇ ತಪ್ಪು, ಅದನ್ನು ಅಭ್ಯಾಸದಿಂದ ಸರಿಪಡಿಸಿಕೊಳ್ಳುತ್ತಿದ್ದೇನೆ.

ಮಿರಜಿನವರು ಹೇಳಿದ ಕಾಗದದ ಪಟ್ಟಿಯನ್ನು ಹಳೆಯ ಪಂಚಾಂಗದ ರಟ್ಟಿನಿಂದ ಮಾಡಿಕೊಂಡೆವು. ಅದನ್ನು ಮೊದಲ ಸಲ ಇಟ್ಟು ನೋಡಿದಾಗ ಅವಳ ವಾದ್ಯದ ನಾಲ್ಕನೆಯ ಮೆಟ್ಟಿಲು ನನ್ನದಕ್ಕಿಂತ ಎರಡು ಮಿಲಿಮೀಟರ್ ಮೇಲಿತ್ತು. ಒಂದು ವರ್ಷದಿಂದ ಪ್ಲೇನ್ ಸಾಂಗ್‌ನ ಕೊನೆಯ ಸ್ವರಮೇಳ ಏಕೆ ಹುಳಿಯಾಗಿ ಕೇಳಿಸುತ್ತದೆಂದು ತಲೆಕೆಡಿಸಿಕೊಂಡಿದ್ದೆವು. ಕಾರಣ ಅಲ್ಲಿ ಕುಳಿತಿತ್ತು. ಮಧ್ಯಮಸ್ವರ ಪದ್ಧತಿಯನ್ನು ಒಂದು ವಾರ ಪ್ರಯತ್ನಿಸಿ ಬಿಟ್ಟೆವು. ರಾಬಿನ್ಸನ್ನನ ಕೃತಿಗೆ ಅದು ಬಹಳ ಚೆಂದವಾಗಿತ್ತು. ಜಾನ್ಸನ್ನನ ಪವಾನಿನಲ್ಲಿ ಮಾತ್ರ ಮೊದಲ ಮೆಟ್ಟಿಲಿನ ಕೋಮಲ ಸ್ವರಗಳು ತಾಳಲಿಲ್ಲ. ಗೆಲಿಲಿಯವರ ಲೆಕ್ಕದಂತೆ ಕಟ್ಟಿದ್ದೇವೆ.

ಪವಾನಿನಲ್ಲಿ ಗ್ರೌಂಡನ್ನು ನಾನು ನುಡಿಸಿದೆ. ಎರಡನೆಯ ರಾತ್ರಿಯ ಮೂರನೆಯ ಪ್ರಯತ್ನದಲ್ಲಿ, ಅವಳು ಒಂದು ಇಳಿಯುವ ಓಟದ ತುದಿಯಲ್ಲಿ ತುಸು ನಿಂತಾಗ, ನನ್ನ ಹೆಬ್ಬೆರಳು ತಂತಿಯ ಮೇಲೆ ಇಳಿಯದೆ ತಾನಾಗಿ ಕಾಯಿತು. ಮುದ್ರಿಕೆಯಲ್ಲಿ ಆ ಜಾಗ ಸ್ಪಷ್ಟವಾಗಿ ಕೇಳುತ್ತದೆ, ಅವಳ ಸಣ್ಣ ಉಸಿರಿನ ಸಮೇತ. ಅದನ್ನು ತೆಗೆಯಲು ನನಗೆ ಮನಸ್ಸಿಲ್ಲ. ರೊಸಿನ್ಯೋಲ್‌ನ ಅತ್ಯುತ್ತಮ ಪ್ರಯತ್ನದ ಕೊನೆಯ ಸಾಲಿನಲ್ಲಿ ಮುಚ್ಚಿಗೆಯ ಮೇಲಿನಿಂದ ಹಲ್ಲಿ ಲೊಚಗುಟ್ಟಿದ್ದರಿಂದ ಆ ಸಾಲನ್ನು ಮರುದಿನದ ಪ್ರಯತ್ನದಿಂದ ತಂದು ಬೆಸೆದೆವು. ಕುಂಬಳೆಯವರು ಹೇಳಿದ ಅರ್ಧ ನಿಮಿಷದ ಮೌನ ಅಲ್ಲಿ ಉಪಯೋಗಕ್ಕೆ ಬಂತು.

ತಾಳವಾಡಿಯವರ ಗಿಟಾರಿನ ಕ್ರಮವನ್ನು ತಮ್ಮನೊಡನೆ ಜೂನ್‌ಗೆ ಮೊದಲು ನೋಡಬೇಕು, ಮಗಳು ಆಗ ಮಂಗಳೂರಿಗೆ ಹೊರಡುತ್ತಾಳೆ. ಅವಳು ನಿನ್ನೆ ರಾತ್ರಿ ಇಯರ್‌ಫೋನ್ ಹಾಕಿಕೊಂಡು ಇಡೀ ಮುದ್ರಿಕೆಯನ್ನು ಕೇಳಿದಳು. ಹಕ್ಕಿಯ ಮೊದಲ ಉತ್ತರ ಬಂದಾಗ ಏನೂ ಹೇಳದೆ ಬಲಗಿವಿಯನ್ನು ಬೆರಳಿಂದ ಮುಟ್ಟಿ ತೋರಿಸಿದಳು.